ಪಂಜದ ಜಯಮಾಲಾ ಮತ್ತು ತೊಡೆಯ ಗಂಟು

ಕಮ್ಮನಹಳ್ಳಿ ಮುಖ್ಯರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಜಯಮಾಲಾಳನ್ನು ಅರಿಯದ ಮನೆಯಿರಲಿಲ್ಲ. ಗಂಡ ಈರೇಶ ಗೂಡ್ಸ್ ಆಟೋದಲ್ಲಿ ಕುಡಿಯುವ ನೀರಿನ ಕ್ಯಾನು ಹೇರಿಕೊಂಡು ಬಂದರೆ, ಅವನ್ನು ಹೊತ್ತು ಮಹಡಿ ಹತ್ತುವವಳು ಅವಳು. ಬಲ ಹೆಗಲ ಮೇಲೊಂದು, ಎಡಗೈಯಲ್ಲೊಂದು. ನಾಲ್ಕನೆಯ ಮಹಡಿಗೆ ಹೋದರೂ ಏದುಸಿರು ಬರುತ್ತಿರಲಿಲ್ಲ. ಶಹಾಪುರದ ಕಡೆಯಿಂದ ಬಂದು ಏಳು ವರ್ಷವಾಗಿತ್ತು. ಕಟ್ಟಡದ ಕೆಲಸದಲ್ಲಿ ಈರೇಶನ ಸೊಂಟ ಹಿಡಿದುಕೊಂಡ ಮೇಲೆ ಅವನು ಆಟೋ ಹಿಡಿದ, ಅವಳು ಭಾರ ಹೊತ್ತಳು. ಅದರಲ್ಲಿ ಇಬ್ಬರಿಗೂ ನಾಚಿಕೆಯೇನೂ ಇರಲಿಲ್ಲ.

ಪಂಜದ, ಅಂದರೆ ಕೈ ಕುಸ್ತಿಯ, ಹುಚ್ಚು ಹತ್ತಿದ್ದು ಶಿವಾಜಿನಗರದ ಒಂದು ಜಿಮ್ಮಿನಲ್ಲಿ. ಕ್ಯಾನು ಇಳಿಸಲು ಹೋದವಳು ನೋಡುತ್ತಾಳೆ, ಎತ್ತರದ ಮೇಜಿನ ಆಚೆ ಈಚೆ ಇಬ್ಬರು ಗಂಡಸರು ಮೊಣಕೈ ಊರಿ, ಅಂಗೈಗೆ ಅಂಗೈ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಒಬ್ಬರ ಕೈಯನ್ನೊಬ್ಬರು ಮಣಿಸಲು ಹೆಣಗುತ್ತಿದ್ದಾರೆ. ಅವಳಿಗೆ ನಗು ಬಂತು. ಅಲ್ಲಿನ ಕೋಚ್ ಆಸಿಮ್ ಅದನ್ನು ಕಂಡು, ನೀವೂ ಒಂದು ಕೈ ನೋಡಿ ಅಕ್ಕಾ ಎಂದ. ಮೊದಲನೆಯವನ ಕೈ ಮೇಜಿಗೆ ತಾಗಿದಾಗ ಎಲ್ಲರೂ ತಮಾಷೆ ಮಾಡಿದರು. ಎರಡನೆಯವನದೂ ತಾಗಿದಾಗ ಜಿಮ್ಮಿನಲ್ಲಿದ್ದವರೆಲ್ಲ ಭಾರ ಇಳಿಸಿ ಮೇಜಿನ ಸುತ್ತ ನೆರೆದರು. ಇಪ್ಪತ್ತಾರು ವರ್ಷದಲ್ಲಿ ಜಯಮಾಲಾಳ ಬಲವನ್ನು ಕೆಲಸಕ್ಕೆ ಬಳಸಿದವರಿದ್ದರು, ನೋಡಿ ಚಪ್ಪಾಳೆ ತಟ್ಟಿದವರಿರಲಿಲ್ಲ.

ಅಂದಿನಿಂದ ವಾರಕ್ಕೆ ಮೂರು ಸಂಜೆ ಆಸಿಮ್ ಅವಳಿಗೆ ಮಣಿಕಟ್ಟು ತಿರುಗಿಸುವುದು, ಹೆಗಲು ಒಳಗೆ ತರುವುದು ಎಲ್ಲ ಕಲಿಸಿದ. ಹಲಸೂರಿನ ಮೈದಾನದಲ್ಲಿ ನಡೆದ ಪಂದ್ಯದಲ್ಲಿ ಅವಳು ಒಬ್ಬೊಬ್ಬರನ್ನೇ ಉರುಳಿಸುತ್ತ ಬಲಗೈ ಫೈನಲ್ಲಿಗೆ ಬಂದಳು. ಎದುರಿಗೆ ವಿಮಾನಪುರದ ಆಶ್ರಿತಾ, ಮೂರು ವರ್ಷದಿಂದ ಸೋಲು ಕಾಣದವಳು. ಅರ್ಧ ನಿಮಿಷ ಇಬ್ಬರ ಕೈಯೂ ಅಲುಗಲಿಲ್ಲ. ಆಮೇಲೆ ಜಯಮಾಲಾಳ ಮಣಿಕಟ್ಟು ತುಸು ಸಡಿಲಿತು, ಅಷ್ಟೇ ಸಾಕಾಯಿತು, ಆಶ್ರಿತಾ ಗೆದ್ದಳು. ಮನೆಗೆ ಹೋಗುವಾಗ ಆಟೋದಲ್ಲಿ ಅವಳ ಬಾಯಿ ನಿಲ್ಲಲೇ ಇಲ್ಲ.

"ಒಂದ್ ಬಟ್ಟಿನಷ್ಟ ಕಮ್ಮಿ ಬಿತ್ತು ನೋಡು," ಎಂದು ಗಂಡನ ಬೆನ್ನು ತಟ್ಟಿ ತಟ್ಟಿ ಹೇಳಿದಳು. "ಬರೋ ವರ್ಷ ಆಕಿನ್ನ ಬಿಡಂಗಿಲ್ಲ."

ಮುಂದಿನ ಪಂದ್ಯಕ್ಕೆ ಆರು ವಾರವಿದ್ದಾಗ ಆ ಒಂದು ಬೆರಳಿನಷ್ಟನ್ನು ತುಂಬಿಕೊಡುತ್ತೇನೆಂದು ಬಂದವನು ಜಿಮ್ಮಿನ ಗೆಳೆಯ ಕಿರಣಕುಮಾರ. ಮೊಬೈಲ್ ರಿಪೇರಿ ಅಂಗಡಿಯವನು, ಕೆಟ್ಟವನಲ್ಲ. ಎಣ್ಣೆಯಂಥ ಮದ್ದಿನ ಸಣ್ಣ ಬಾಟಲಿ ತೋರಿಸಿ, ಇದು ಸ್ಟೀರಾಯ್ಡ್, ತಾನೂ ಹಾಕಿಕೊಳ್ಳುತ್ತಿದ್ದೇನೆ, ಆರು ವಾರದಲ್ಲಿ ಕೈ ಕಬ್ಬಿಣವಾಗುತ್ತದೆ, ಆಸಿಮ್ ಭಾಯಿಗೆ ಮಾತ್ರ ಹೇಳಬೇಡ ಎಂದ. ಊರಲ್ಲಿ ಎತ್ತುಗಳಿಗೆ ಸೂಜಿ ಹಾಕುವುದನ್ನು ನೋಡಿ ಬೆಳೆದ ಜಯಮಾಲಾಳಿಗೆ ಸೂಜಿಯ ಭಯವಿರಲಿಲ್ಲ. ಈರೇಶ ನೀರಿನ ಘಟಕಕ್ಕೆ ಹೋದ ಹೊತ್ತು ನೋಡಿ, ಬಾಡಿಗೆ ಕೋಣೆಯ ಬಾಗಿಲು ಹಾಕಿ, ಒಂದು ಸಲ ಬಲತೊಡೆಗೆ, ಒಂದು ಸಲ ಎಡತೊಡೆಗೆ ತಾನೇ ಚುಚ್ಚಿಕೊಂಡಳು. ಹೊಸ ಸೂಜಿ ಮುಗಿದಾಗ ಹಳೆಯದನ್ನೇ ಬಿಸಿನೀರಿನಲ್ಲಿ ಅದ್ದಿ ಬಳಸಿದಳು.

ಬಲ ಬಂದದ್ದು ಸುಳ್ಳಲ್ಲ. ನಾಲ್ಕನೆಯ ವಾರಕ್ಕೆ ಜಿಮ್ಮಿನಲ್ಲಿ ಅವಳ ಕೈ ಮಣಿಸುವವರೇ ಇರಲಿಲ್ಲ. ಪಂದ್ಯದ ದಿನ ಹತ್ತಿರ ಬಂದಷ್ಟೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅನ್ನ ಕಲಸುವಾಗಲೂ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು. ದನಿ ಒಡೆದದ್ದನ್ನು ನೆಗಡಿ ಎಂದುಕೊಂಡಳು. ಐದನೆಯ ವಾರ ಎರಡು ತೊಡೆಯಲ್ಲೂ ಗಂಟು ಎದ್ದಿತು. ಎಡಗಡೆಯದು ಗಟ್ಟಿಯಾಗಿ, ಒತ್ತಿದರಷ್ಟೇ ನೋಯುತ್ತಿತ್ತು. ಬಲಗಡೆಯದು ದಿನದಿನಕ್ಕೆ ಬಿಸಿಯಾಗಿ, ಕೆಂಪಗೆ ಹರಡಿ, ಲಂಗ ತಾಗಿದರೂ ಜೀವ ಹೋದಂತಾಗುತ್ತಿತ್ತು. ಎಲ್ಲರಿಗೂ ಹೀಗಾಗುತ್ತದೆ, ತಿಕ್ಕು ಎಂದ ಕಿರಣ. ಬಟ್ಟೆಯಲ್ಲಿ ಕಟ್ಟಿದ ಉಪ್ಪನ್ನು ಕಾಯಿಸಿ ಒತ್ತಿಕೊಂಡಳು, ತಿಕ್ಕಿದಳು, ಹಿಂಡಿಯೂ ನೋಡಿದಳು. ಪಂದ್ಯದ ಭಾನುವಾರ ಒಂದು ಕಳೆಯಲಿ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಗುರುವಾರ ಬೆಳಿಗ್ಗೆ ರಿಚರ್ಡ್ಸ್ ಟೌನಿನ ಶಾಂತಕುಮಾರಿಯವರ ಮನೆಗೆ ಕ್ಯಾನು ಹೊತ್ತು ಹೊರಟಳು. ಮೂರನೆಯ ಮಹಡಿ. ಎರಡನೆಯದಕ್ಕೇ ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಶಾಂತಕುಮಾರಿ ಮೂವತ್ತು ವರ್ಷ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮೇಲಿನಿಂದ ಇಳಿದು ಬಂದು ಅವಳ ಹಣೆ ಮುಟ್ಟಿದರು. ಮೆಟ್ಟಿಲು ತಾಗಿ ಕಾಲು ನೋವಾಗಿದೆ ಎಂದಳು ಜಯಮಾಲಾ.

"ಮೆಟ್ಲು ತಾಗಿದ್ರೆ ಜ್ವರ ಬರಲ್ಲ. ಒಳಗ್ ಬಾ, ತೋರ್ಸು."

ತೊಡೆ ನೋಡಿದ ಶಾಂತಕುಮಾರಿ ಬೈಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಚುಚ್ಚಿದ್ದು ಯಾರು?"

"ನಾನ ರೀ ಅಮ್ಮಾ."

ಎಲ್ಲ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ, ಆಯ್ತವಾರದ ತನಕ ಒಂದು ಗುಳಿಗೆ ಕೊಟ್ಟುಬಿಡಿ, ಈ ಸಲ ಆಶ್ರಿತಾಳನ್ನು ಹೊಡೆದೇ ಹೊಡೆಯುತ್ತೇನೆ ಎಂದು ಕೈಮುಗಿದಳು.

"ಈ ಕೀವು ರಕ್ತಕ್ಕೆ ಸೇರಿದ್ರೆ ನಿಂಗೆ ಭಾನುವಾರ ಅನ್ನೋದೇ ಇರಲ್ಲ," ಎಂದರು ಶಾಂತಕುಮಾರಿ. "ಬಾಟ್ಲು ಎಲ್ಲಿದೆ? ಅದನ್ನೂ ತಗೋ. ನಡಿ."

ಕಿರಣನಿಗೆ ಮರಳಿಸಲೆಂದು ಅವತ್ತು ತಂದಿದ್ದ ಬಾಟಲಿ ಆಟೋದ ಸೀಟಿನ ಕೆಳಗೆ, ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಈರೇಶ ಅದನ್ನು ಕಂಡದ್ದು ಅದೇ ಮೊದಲು. ಖಾಲಿ ಕ್ಯಾನುಗಳ ನಡುವೆ ಹೆಂಡತಿಯನ್ನು ಮಲಗಿಸಿ, ನಿವೃತ್ತ ನರ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟ್ರಾಫಿಕ್ಕಿನ ಸಂದಿಗೊಂದಿಗಳಲ್ಲಿ ಅವನು ಆಟೋ ಓಡಿಸಿದ್ದನ್ನು ಶಾಂತಕುಮಾರಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಅವತ್ತು ಮಾತ್ರ ಯಾರೂ ನಗಲಿಲ್ಲ.

ಸ್ಕ್ಯಾನ್ ಮಾಡಿದ ಡಾಕ್ಟರು ಬಲತೊಡೆಯ ಆಳದಲ್ಲಿ ಎರಡು ಕಡೆ ಕೀವು ತುಂಬಿದೆ, ಇವತ್ತೇ ಕೊಯ್ದು ತೆಗೆಯಬೇಕು ಎಂದರು. ಎಡಗಡೆಯದರಲ್ಲಿ ಕೀವಿರಲಿಲ್ಲ. ಕರಗದ ಎಣ್ಣೆ ಅಲ್ಲೇ ಗಟ್ಟಿಯಾಗಿ ಕೂತಿತ್ತು, ಹಿಂಡದೆ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ ಎಂದರು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಏನೇನೋ ತೇಲುತ್ತಿತ್ತು. ಅದೇ ಬಾಟಲಿಯಿಂದ ಕಿರಣನೂ ಸೂಜಿಗೆ ಎಳೆದುಕೊಂಡಿದ್ದ ಎಂದು ತಿಳಿದು ರಕ್ತದಿಂದ ಹರಡುವ ರೋಗಗಳ ಪರೀಕ್ಷೆಗಳನ್ನೂ ಬರೆದರು. ಅವು ಅಂದೂ, ಕೆಲವು ತಿಂಗಳ ಮೇಲೆ ಮತ್ತೆ ಮಾಡಿಸಿದಾಗಲೂ ಸರಿಯಾಗಿಯೇ ಬಂದವು. ಆದರೆ ದನಿ ಒಡೆದದ್ದು ನೆಗಡಿಯಿಂದಲ್ಲ, ಮದ್ದಿನಿಂದ, ಅದು ಪೂರ್ತಿ ಹಿಂದಿರುಗುತ್ತದೆಂದು ಹೇಳಲಾಗದು ಎಂದಾಗ ಜಯಮಾಲಾ ಮೊದಲ ಬಾರಿಗೆ ಅತ್ತಳು.

ಸಂಜೆ ಈರೇಶ ಅವಳ ತಲೆಯ ಹತ್ತಿರ ಕೂತು, "ನಂಗರ ಹೇಳಬಾರದಿತ್ತೇನ?" ಎಂದ.

ಶುಕ್ರವಾರ ಆಸಿಮ್ ಬಂದ. ಯಾರಾದರೂ ಹೇಳುವ ಮೊದಲು ಜಯಮಾಲಾ ತಾನೇ ಎಲ್ಲ ಹೇಳಿದಳು. ಅವನು, "ಕಾಲು ವಾಸಿಯಾದ್ರೂ ಒಂದು ವರ್ಷ ನನ್ ಮೇಜಿಗೆ ಬರಂಗಿಲ್ಲ ಅಕ್ಕಾ. ಆಮೇಲೆ ಬನ್ನಿ, ನಿಮ್ ಕೈ ಮಾತ್ರ ತಗೊಂಡು ಬನ್ನಿ," ಎಂದ. ಅವನ ಹಿಂದೆಯೇ ಕಿರಣಕುಮಾರ ಕುಂಟುತ್ತ ಬಂದ. ಅವನ ಕುಂಡಿಯಲ್ಲೂ ಅಂಥದೇ ಗಂಟು, ನಾಚಿಕೆಗೆ ಯಾರಿಗೂ ತೋರಿಸಿರಲಿಲ್ಲ. ಆಸಿಮ್ ಅವನ ಕೊರಳಪಟ್ಟಿ ಹಿಡಿದೇ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದ.

ಭಾನುವಾರದ ಫೈನಲ್ಲನ್ನು ಜಯಮಾಲಾ ಆಸ್ಪತ್ರೆಯ ಹಾಸಿಗೆಯಲ್ಲಿ ಈರೇಶನ ಫೋನಿನಲ್ಲಿ ನೋಡಿದಳು. ಆಶ್ರಿತಾ ಗೆದ್ದಾಗ ಪಕ್ಕದ ಹಾಸಿಗೆಯವರು ಎದ್ದು ಕೂರುವಂತೆ ಕಿರುಚಿಬಿಟ್ಟಳು. ಖುಷಿಯೋ ಹೊಟ್ಟೆಕಿಚ್ಚೋ ಅವಳಿಗೇ ತಿಳಿಯಲಿಲ್ಲ.

ಗಾಯ ಮುಚ್ಚಲು ಐದು ವಾರ ಹಿಡಿಯಿತು. ದಿನವೂ ಶಾಂತಕುಮಾರಿಯೇ ಗಾಯಕ್ಕೆ ಬಟ್ಟೆ ತುಂಬಿ ಕಟ್ಟಿದರು. ಮದ್ದಿನ ಬಲ ಬಂದಂತೆಯೇ ಇಳಿದುಹೋಯಿತು. ಒಂದೊಂದೇ ಕ್ಯಾನಿನಿಂದ ಮತ್ತೆ ಶುರು ಮಾಡಿದಳು. ಊರಿಂದ ಫೋನು ಮಾಡಿದ ತಾಯಿ ಜಟ್ಟೆಮ್ಮ ಅವಳ ದನಿ ಕೇಳಿ, "ಈರೇಶಪ್ಪಾ, ನಮ್ಮ ಜಯಮಾಲಾಗ ಕೊಡಪ್ಪ ಫೋನು" ಎನ್ನುತ್ತಿದ್ದಳು. ಮೊದಮೊದಲು ಅವಳು ಫೋನನ್ನು ಈರೇಶನ ಕೈಗೇ ಕೊಟ್ಟುಬಿಡುತ್ತಿದ್ದಳು. ಬರಬರುತ್ತ ನಾನೇ ಯವ್ವ ಎಂದು ನಕ್ಕು ಮಾತು ಮುಂದುವರಿಸುವುದು ರೂಢಿಯಾಯಿತು.

ವರ್ಷ ಕಳೆದು, ಆಸಿಮ್ ಹೇಳಿದ ಗಡುವು ಮುಗಿದ ಮೇಲೆ, ಮತ್ತೆ ಅದೇ ಮೈದಾನ. ಬೆಳಿಗ್ಗೆ ಬಲಗೈ ಪಂದ್ಯದಲ್ಲಿ ಆಶ್ರಿತಾ ಅವಳನ್ನು ಸೆಮಿಫೈನಲ್ಲಿನಲ್ಲೇ ಮುಗಿಸಿದಳು. ಮಧ್ಯಾಹ್ನ ಎಡಗೈ. ಫೈನಲ್ಲಿಗೆ ಮತ್ತೆ ಅವರಿಬ್ಬರೇ ಬಂದರು. ರೆಫರಿ ಕೈ ಬಿಟ್ಟ ಕೂಡಲೇ ಜಯಮಾಲಾಳ ಕೈ ಕೆಳಗೆ ಹೋಯಿತು, ಮೇಜಿಗೆ ನಾಲ್ಕು ಬೆರಳು ಉಳಿದಿತ್ತು. ಅಲ್ಲೇ ನಿಂತಳು. ಈರೇಶನ ಕೂಗು ಕೇಳುತ್ತಿತ್ತು, ಆಸಿಮ್ ಕನ್ನಡ ಮರೆತು ಉರ್ದುವಿನಲ್ಲಿ ಅರಚುತ್ತಿದ್ದ. ಹೆಗಲು ಒಳಗೆ ತಂದಳು. ಒಂದು ಬೆರಳು ಮೇಲೆ, ಇನ್ನೊಂದು ಬೆರಳು ಮೇಲೆ. ಕೈ ನಡುವಿಗೆ ಬಂದಾಗ ಆಶ್ರಿತಾಳ ಕಣ್ಣು ಅಗಲವಾದದ್ದು ಕಂಡಿತು. ಆಮೇಲೆ ಅವಳಿಗೇನೂ ಕಾಣಲಿಲ್ಲ, ಟಪ್ ಎಂಬ ಸದ್ದು ಕೇಳಿತು, ಮೇಜಿಗೆ ತಾಗಿದ್ದದ್ದು ಆಶ್ರಿತಾಳ ಕೈ.

ಶಾಂತಕುಮಾರಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಈರೇಶ ತನ್ನ ಸೊಂಟ ಮರೆತು ಕುಣಿಯುತ್ತಿದ್ದ. ಆಶ್ರಿತಾ ಮಣಿಕಟ್ಟು ನೀವಿಕೊಳ್ಳುತ್ತ ಬಂದು, ಎಡಗೈಗೆ ಏನು ಅಭ್ಯಾಸ ಮಾಡ್ತೀಯ ಎಂದು ಕೇಳಿದಳು. ಮೂರನೆಯ ಮಹಡಿಗೆ ನೀರು ಒಯ್ಯುತ್ತೇನೆ ಎಂದಳು ಜಯಮಾಲಾ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಆಶ್ರಿತಾ ನಕ್ಕಳು. ಮಂಗಳವಾರ ಬೆಳಿಗ್ಗೆ ರಿಚರ್ಡ್ಸ್ ಟೌನಿಗೆ ಬಾ, ತೋರಿಸುತ್ತೇನೆ ಎಂದು ಜಯಮಾಲಾ ವಿಳಾಸವನ್ನೇ ಹೇಳಿಬಿಟ್ಟಳು.