ಆರ್ಡಿಸ್ ಮನೆಯಲ್ಲಿ ಆಡಬಾರದಿದ್ದ ಮಾತು

ಆರ್ಡಿಸ್ ಮುದುಕಿಯ ಮನೆಯಲ್ಲಿ ‘ಮಲಮಗಳು’ ಎನ್ನುವುದಕ್ಕೆ ಶಿಕ್ಷೆಯಿತ್ತು. ಮಲತಂಗಿ, ಮಲತಾಯಿ, ಯಾವುದನ್ನೇ ಬಾಯಿ ತಪ್ಪಿ ಅಂದರೂ ಅವತ್ತಿನ ಪಾತ್ರೆಯೆಲ್ಲ ಅವರ ಪಾಲಿಗೆ. ತನ್ನ ಮೂವರು ಮಕ್ಕಳೊಂದಿಗೆ ವಿಧುರ ವರ್ನ್‌ನನ್ನು ಮದುವೆಯಾಗಿ ಬಂದ ದಿನವೇ, ಅವನ ಆರು ವರ್ಷದ ಒಬ್ಬಳೇ ಮಗಳು ಕೊರಿನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಕಿದ ಕಾನೂನು ಅದು. ಹೊಟ್ಟೆಯಲ್ಲಿ ಹುಟ್ಟಿದ ಡಾರ್ಲಾಳೇ ಎಷ್ಟು ಸಲ ಸಿಂಕಿನ ಮುಂದೆ ಮೂಗೊರೆಸಿಕೊಂಡು ನಿಂತಿದ್ದಳೋ! ಅಮೆರಿಕದ ಮಿನೆಸೋಟದ ಆ ಪುಟ್ಟ ಊರಿನಲ್ಲಿ ಎಲ್ಲರೂ ಇದನ್ನು ಹೇಳಿಕೊಂಡು ನಗುತ್ತಿದ್ದರು.

ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು ಆರ್ಡಿಸ್. ಚಳಿಗಾಲ ಬಂತೆಂದರೆ ಮೊಮ್ಮಕ್ಕಳಿಗೆ ಕೆಂಪು ಕೈಗವಸು ಹೆಣೆದು ಹಗ್ಗಕ್ಕೆ ನೇತುಹಾಕುತ್ತಿದ್ದಳು. ಒಂಬತ್ತು ಜೊತೆ. ಅದರಲ್ಲಿ ಎರಡು ಕೊರಿನ್‌ಳ ಮಕ್ಕಳವು. ಬಣ್ಣದಲ್ಲಾಗಲಿ ಉಣ್ಣೆಯಲ್ಲಾಗಲಿ ಎಳ್ಳಷ್ಟೂ ಭೇದವಿರಲಿಲ್ಲ.

ವರ್ನ್ ಸತ್ತ. ಮುದುಕಿಯ ಸೊಂಟ ಮುರಿಯಿತು. ಮೂವರು ಮಕ್ಕಳೂ ದೂರದ ಊರುಗಳಿಂದ ಫೋನಿನಲ್ಲಿ ಅಯ್ಯೋ ಅಂದರು. ಹನ್ನೊಂದು ವರ್ಷ ಅವಳ ಕುಂಡಿ ತೊಳೆದವಳು ಕೊರಿನ್ ಒಬ್ಬಳೇ. ಡಾರ್ಲಾ ಕ್ರಿಸ್‌ಮಸ್ಸಿಗೆ ಒಂದು ಘಮಘಮ ಮೇಣದ ಬತ್ತಿ ತಂದು, ಅಮ್ಮನ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದಳು. ಪುಣ್ಯಾತ್ಗಿತ್ತಿ!

ಮುದುಕಿ ಕಣ್ಣು ಮುಚ್ಚಿದ ಮರುದಿನ, ಶವಸಂಸ್ಕಾರದವರ ಆಫೀಸಿನಲ್ಲಿ ಜಗಳ ಹತ್ತಿತು. ಪೇಪರಿಗೆ ಕೊಡುವ ಸಾವಿನ ಸುದ್ದಿಯಲ್ಲಿ ನಾಲ್ವರು ಮಕ್ಕಳು ಎಂದು ಕೊರಿನ್ ಬರೆದಿದ್ದಳು.

“ಇದ್ದದ್ದು ಇದ್ದ ಹಾಗೆ ಬರೀಬೇಕು ಕಣೇ,” ಅಂದಳು ಡಾರ್ಲಾ. “ನಿನ್ನನ್ನ ಹೆತ್ತವಳು ಬೇರೆ ತಾನೆ? ಮಲಮಗಳು ಅಂತ ಹಾಕು.”

“ಅಮ್ಮ ಇದ್ದಿದ್ರೆ ಈಗ ನಿನ್ನ ಕೈಲಿ ಪಾತ್ರೆ ತೊಳೆಸ್ತಿದ್ಳು.”

“ಅಮ್ಮನೇ ಬರೆದಿಟ್ಟಿದ್ದಾಳಂತಲ್ಲ, ನೋಡೋಣ ಬಿಡು.”

ತನ್ನ ಸಾವಿನ ಸುದ್ದಿಯನ್ನು ತಾನೇ ಬರೆದು ಆಫೀಸಿನಲ್ಲಿ ಕೊಟ್ಟಿಡುವುದು ಆ ಊರಿನ ಅಚ್ಚುಕಟ್ಟಾದ ಮುದುಕಿಯರ ಪದ್ಧತಿ. ಎರಡು ವರ್ಷದ ಹಿಂದೆ ಆರ್ಡಿಸ್‌ಳನ್ನು ಅಲ್ಲಿಗೆ ಕರೆತಂದವಳೂ ಕೊರಿನ್ನೇ. “ನೀನು ಕಾರಲ್ಲೇ ಇರು ಮಗಾ, ಒಳಗೆ ಹೂವಿನ ವಾಸನೆಗೆ ನಿನಗೆ ಸೀನು ಬರುತ್ತೆ,” ಅಂದಿದ್ದಳು. ಕೋಲೂರಿಕೊಂಡು ಹೊರಬಂದು, “ಎಲ್ಲರನ್ನೂ ಸೇರಿಸಿದೀನಿ,” ಅಂದಳು. ಆಮೇಲೆ ಇಬ್ಬರೂ ಡೋನಟ್ ತಿಂದರು. ಮುದುಕಿಯ ಗದ್ದಕ್ಕೆ ಅಂಟಿದ ಸಕ್ಕರೆಯನ್ನು ಕೊರಿನ್ ಒರೆಸಿದ್ದಳು.

“ತನ್ನಿ ಅದನ್ನ,” ಅಂದಳು ಈಗ ಕೊರಿನ್, ಎದೆ ಸೆಟೆಸಿ. “ಅವಳು ಬರೆದದ್ದನ್ನ ಒಂದಕ್ಷರ ಬಿಡದೆ ಚರ್ಚಿನಲ್ಲಿ ನಾನೇ ಓದ್ತೀನಿ.”

ಹಾಳೆ ಬಂತು. ಜಾಮ್ ಬಾಟಲಿಗಳ ಮೇಲಿರುತ್ತಿದ್ದ ಅದೇ ದುಂಡು ಅಕ್ಷರ. ಮಕ್ಕಳು: ಡಾರ್ಲಾ, ರೋಜರ್, ಗೇಲ್. ಮೊಮ್ಮಕ್ಕಳು: ಏಳು. ಅದರ ಕೆಳಗೆ, ಗಂಡನ ಕಡೆಯ ಮಲಮಗಳು ಕೊರಿನ್, ಅವಳ ಮಕ್ಕಳಿಬ್ಬರು.

ಕೊರಿನ್ ಎರಡೆರಡು ಸಲ ಓದಿದಳು. ಯಾರೋ ಕಪಾಳಕ್ಕೆ ಬಿಗಿದ ಹಾಗಾಯಿತು. ಡಾರ್ಲಾ ಕೈಚೀಲದ ಜಿಪ್ಪು ಎಳೆಯುತ್ತ, “ಒಂದಕ್ಷರನೂ ಬಿಡಬೇಡ, ಆಯ್ತಾ?” ಅಂದಳು.

ಕೊಟ್ಟ ಮಾತು ಕೊಟ್ಟದ್ದೇ. ಶನಿವಾರ ಚರ್ಚಿನ ಮೈಕಿನ ಮುಂದೆ ನಿಂತು ಕೊರಿನ್ ಪೂರ್ತಿ ಓದಿದಳು. ‘ಏಳು’ ಅಂದಾಗ, ಅವಳ ಚಿಕ್ಕ ಮಗಳು ಟೆಸ್, ಕೆಂಪು ಕೈಗವಸು ತೊಟ್ಟುಕೊಂಡೇ ಬೆರಳು ಮಡಚಿ, “ಏಳಲ್ಲ, ಒಂಬತ್ತು! ಅಜ್ಜಿಗೆ ಎಣಿಸೋಕೆ ಬರ್ತಿತ್ತಲ್ಲಾ,” ಎಂದು ಕೂಗಿಯೇಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಆಮೇಲೆ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆ, ಕಾಫಿ. ಕೊರಿನ್ ಒಂದು ತುತ್ತೂ ಬಾಯಿಗಿಡದೆ ಸೀದಾ ಅಡುಗೆಮನೆಗೆ ನಡೆದು ಕರಿ ಅಂಗಿಯ ತೋಳು ಮಡಚಿದಳು. ಚರ್ಚಿನ ಹೆಂಗಸರು ಕೈ ಹಿಡಿದರು.

“ಏ, ಬಿಡು ಮಾರಾಯ್ತಿ, ಇವತ್ತು ನೀನು ಮನೆಯವಳು.”

“ಊರಿಗೆಲ್ಲ ಕೇಳೋ ಹಾಗೆ ಆ ಮಾತು ಅಂದಿದೀನಿ. ಪಾತ್ರೆ ನಂದೇ.”

ಇನ್ನೂರು ಜನರ ತಟ್ಟೆ. ಕೈ ಸುಡುವ ನೀರು. ತೊಳೆದಷ್ಟೂ ಅವಳಿಗೆ ಸಿಟ್ಟು ಏರಿತು, ಸಿಟ್ಟಿನ ಹಿಂದೆಯೇ ಅಳು ಬಂತು. ಡಾರ್ಲಾ ಬಾಗಿಲಲ್ಲಿ ಕಾಣಿಸಿಕೊಂಡು, ತನ್ನ ಕಾಫಿ ಲೋಟವನ್ನು ರಾಶಿಯ ಮೇಲಿಟ್ಟಳು.

“ಸಾಕು ಮಾಡೇ ನಾಟಕ. ನಿನ್ನ ಪಾಲಿನದು ಯಾವಾಗಲೋ ಮುಗೀತು.”

“ಮುಗೀತು,” ಅಂದಳು ಕೊರಿನ್, ಲೋಟ ಎತ್ತಿಕೊಂಡು. “ಇದು ಅಮ್ಮನ ಪಾಲಿನದು. ಅವಳೂ ಆ ಮಾತು ಬರೆದಿದ್ದಾಳಲ್ಲ. ಅವಳದನ್ನ ಇನ್ಯಾರು ತೊಳೀತಾರೆ?”