ಜೂಡೋ ಮ್ಯಾಟಿನ ಮೇಲೊಂದು ಬಿನ್ನಹ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಒಂಬತ್ತು ವರ್ಷದ ಮಗಳನ್ನು ಜೂಡೋ ಕ್ಲಾಸಿಗೆ ಸೇರಿಸಬೇಕೆಂದು ಹಟ ಹಿಡಿದವರು ನನ್ನ ಗಂಡ. ಸೇರಿಸಿದ ಮೇಲೆ ಆಸ್ಪತ್ರೆಯ ಪಾಳಿಯ ನೆಪ ಹೇಳಿ ಜಾರಿಕೊಂಡರು. ಗುರುವಾರ ಸಂಜೆಯ ಟ್ರಾಮ್ ಹಿಡಿಯುವ ಕೆಲಸ ನನ್ನ ತಲೆಗೆ ಬಂತು. ಅದೊಂದು ಶಾಲೆಯ ಹಾಲ್. ತಾಯಂದಿರಿಗೆಂದು ಇಟ್ಟಿದ್ದ ಕುಳ್ಳ ಬೆಂಚಿನ ಮೇಲೆ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು.

ಅಲ್ಲಿ ಮೇಷ್ಟ್ರು ಯಾರಿಗೂ ಜೋಡಿ ಆರಿಸಿ ಕೊಡುತ್ತಿರಲಿಲ್ಲ. ಯಾರ ಜೊತೆ ಆಡಬೇಕೋ ಅವರ ಮುಂದೆ ಹೋಗಿ, ಸೊಂಟ ಬಗ್ಗಿಸಿ, "ಒನೆಗಾಯ್‌ಶಿಮಸ್" ಅನ್ನಬೇಕು. ಹಾಗೆ ಕೇಳಿದವರಿಗೆ ಆಗುವುದಿಲ್ಲ ಅನ್ನುವಂತಿಲ್ಲ. ಮೇಷ್ಟ್ರು ಜಪಾನಿನಲ್ಲಿ ಕಲಿತು ಬಂದ, ಇಲ್ಲಿಯದೇ ಯಾರ್ಕ್‌ಶೈರಿನವರು. ನನ್ನದೊಂದು ಕೋರಿಕೆ, ನನ್ನನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ ಎಂಬಂಥ ಮಾತು ಅದು ಎಂದು ಬಿಡಿಸಿ ಹೇಳಿದ್ದರು. ನಮ್ಮ ಕನ್ನಡದ ಬಿನ್ನಹ ಅಂದುಕೊಂಡೆ. ಮದುವೆ ಕಾಗದ ಬಿಟ್ಟರೆ ನಾವು ಆ ಪದವನ್ನು ಎಲ್ಲಿ ಬಳಸುತ್ತೇವೆ?

ನನ್ನ ಮಗಳ ಬಾಯಿಂದ ಮಾತ್ರ ಅದು ಹೊರಡುತ್ತಿರಲಿಲ್ಲ. ಉಳಿದವರು ಜೋಡಿಯಾಗುವವರೆಗೆ ಬೆಲ್ಟ್ ಬಿಗಿ ಮಾಡುತ್ತಾ ನಿಂತಿದ್ದು, ಆಮೇಲೆ ಮೂಲೆಯಲ್ಲಿ ಕೂರುವಳು. ಡರ್ಬಿಯಿಂದ ಈ ಊರಿಗೆ ಬಂದಾಗಿನಿಂದ ಶಾಲೆಯಲ್ಲೂ ಇದೇ ಕಥೆ. ಯಾರನ್ನೂ ಮಾತಾಡಿಸಳು, ಅವಳಿಗೆ ಒಬ್ಬ ಗೆಳತಿಯೂ ಇಲ್ಲ. ಕೇಳುವುದು ನಮ್ಮ ಮನೆತನಕ್ಕೇ ಒಗ್ಗಿದ್ದಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತರಿಸಲೂ ನಮ್ಮಮ್ಮ ಮೀನಮೇಷ ಎಣಿಸುತ್ತಿದ್ದರು.

ಒಂದು ಗುರುವಾರ ನನಗೆ ರೇಗಿತು. ಎದ್ದು ಹೋಗಿ ಮೇಷ್ಟ್ರಿಗೆ, "ನೀವೇ ಯಾರನ್ನಾದರೂ ಗೊತ್ತು ಮಾಡಿ ಕೊಡಿ. ಇಲ್ಲದಿದ್ದರೆ ಇವತ್ತೇ ಕೊನೆ," ಎಂದೆ.

"ಹಾಗೆ ಮಾಡಿದರೆ ಅದು ನಿಮ್ಮ ಆಸೆ ಆಗುತ್ತೆ, ಅವಳದಲ್ಲ," ಎಂದರು ಅವರು, ಒಂದಿಷ್ಟೂ ಸ್ವರ ಏರಿಸದೆ.

ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಮಗಳ ಹತ್ತಿರ ಹೋಗಿ, "ನಡಿ ಪುಟ್ಟಿ, ಮನೆಗೆ ಹೋಗೋಣ. ಯಾರ್ಯಾರ ಮುಂದೆನೋ ಬೇಡ್ಕೊಳ್ಳೋ ಗತಿ ನಮಗೇನೂ ಬಂದಿಲ್ಲ," ಎಂದೆ.

"ವೇಯ್ಟ್, ಅಮ್ಮ," ಎಂದಳು.

ನೆಟ್ಟಗೆ ಹಾಲ್‌ನಲ್ಲೇ ಎತ್ತರದ ಹುಡುಗನ ಮುಂದೆ ಹೋಗಿ ಬಗ್ಗಿದಳು. ಏನೋ ಗೊಣಗಿದಳು, ಅವನಿಗೆ ಕೇಳಿಸಲಿಲ್ಲ. ಅವನು ಕಿವಿ ಹತ್ತಿರ ತಂದ. ಈ ಸಲ ಇಡೀ ಹಾಲ್‌ಗೆ ಕೇಳಿಸಿತು: "ಒನೆಗಾಯ್‌ಶಿಮಸ್."

ಅವನು ಒಂದು ಹೆಜ್ಜೆ ಹಿಂದೆ ಸರಿದು, ಅವಳಷ್ಟೇ ಬಗ್ಗಿ, ಅದೇ ಮಾತನ್ನು ತಿರುಗಿ ಹೇಳಿದ. ಕೇಳಿಸಿಕೊಂಡವರೂ ಕೇಳಿಕೊಳ್ಳಬೇಕಂತೆ, ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳನ್ನು ಎತ್ತಿ ದೊಪ್ಪನೆ ಕೆಡವಿದ. ಅವಳು ಎದ್ದು, ಕಾಲರ್ ಸರಿಪಡಿಸಿಕೊಂಡು, ಮತ್ತೆ ಅವನಿಗೇ ಬಗ್ಗಿದಳು. ಮತ್ತೆ ಬಿದ್ದಳು. ಕೆಂಪೇರಿದ ಮುಖದಲ್ಲಿ ಅಳುವಿನ ಸುಳಿವೇ ಇಲ್ಲ. ನಾನು ಬೆಂಚಿಗೆ ಮರಳಿ ಕೂತೆ. ಈ ಧೈರ್ಯ ಅವಳಿಗೆ ನನ್ನಿಂದ ಬಂದದ್ದಂತೂ ಅಲ್ಲ.

ಆಗತಾನೇ ಬಂದ ಯಾರದೋ ತಾಯಿ ಪಕ್ಕದಲ್ಲಿ ಕೂರುತ್ತಾ, "ಇವರಲ್ಲಿ ನಿಮ್ಮವಳು ಯಾರು?" ಎಂದು ಕೇಳಿದರು.

"ಅಗೋ, ಆ ದೊಡ್ಡ ಹುಡುಗನಿಗೆ ತಲೆ ಬಾಗಿಸಿ ಕೇಳುತ್ತಿದ್ದಾಳಲ್ಲ," ಎಂದೆ, "ಅವಳು."