ಆರು ಖಾಲಿ ಚೌಕಗಳು

ಬೆಳಗಿನ ಆರೂವರೆ. ಹಳಿಯಾಳದ ಈ ಪದವಿ ಕಾಲೇಜಿನ ಗೇಟು ತೆರೆದವರೇ ಕಾಯತಾನ ಸಿದ್ದಿ ವರಾಂಡದ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಆಮೇಲೆ ಸೀಮೆಸುಣ್ಣ ಹಿಡಿದು ಒಂದೊಂದೇ ಪೇಪರಿನ ನಂಬರ್ ಬರೆಯುತ್ತಾರೆ. ಪರೀಕ್ಷಾ ಫಾರ್ಮ್ ತುಂಬಲು ಇಂದು ಕಡೆಯ ದಿನ. ತೇರಗಾಂವದ ಬಸ್ಸು ಬರುವುದರೊಳಗೆ ನಲವತ್ತೆಂಟು ನಂಬರ್ ಹಲಗೆಯ ಮೇಲಿರಬೇಕು.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ಜವಾನರು. ಓದಿದ್ದು ಏಳನೆಯ ತರಗತಿ. ಆದರೆ ವಿಶ್ವವಿದ್ಯಾಲಯದ ಈ ಆರಂಕಿಯ ನಂಬರುಗಳ ಮರ್ಮ ಪ್ರಾಧ್ಯಾಪಕರಿಗಿಂತ ಇವರಿಗೇ ಹೆಚ್ಚು ಗೊತ್ತು. 213042 ಎಂದು ಬರೆದು, ಅವರ ಬಗ್ಗೆ ಬರೆಯಲು ಬಂದ ನನಗೂ ಪಾಠ ಮಾಡುತ್ತಾರೆ.

"ಮೊದಲಿನ ಎರಡು ಅಂಕಿ ಸಿಲಬಸ್ ಬಂದ ವರ್ಷ ರೀ, ಇಪ್ಪತ್ತೊಂದು. ಮುಂದಿನ ಅಂಕಿ ಮೂರು, ಅಂದ್ರ ಮೂರನೇ ಸೆಮಿಸ್ಟರ್. ಸೊನ್ನಿ ನಾಕು, ಇತಿಹಾಸ. ಕಡೀ ಅಂಕಿ ಎರಡು, ಎರಡನೇ ಪೇಪರ್. ಪಿನ್‌ಕೋಡ್ ಇದ್ದಂಗ. ಒಂದ ಅಂಕಿ ತಪ್ಪಿದ್ರ ಪತ್ರ ಬ್ಯಾರೆ ಊರಿಗೆ ಹೊಕ್ಕೈತಿ."

ಅಯ್ಯೋ, ಮೂರು ವರ್ಷ ಇಂಥವೇ ನಂಬರ್ ಬರೆದು ಡಿಗ್ರಿ ಪಡೆದವನು ನಾನು. ಇದೇನೆಂದು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ದಿನಕ್ಕೆ ನೂರಿಪ್ಪತ್ತು ಫಾರ್ಮ್ ಇವರ ಕಣ್ಣ ಮುಂದೆ ಹಾಯುತ್ತವೆ. ಒಂದನ್ನೂ ತಾವು ತುಂಬುವುದಿಲ್ಲ. "ಬೆರಳಿಟ್ಟು ಓದಿ ಹೇಳವ್ವಾ" ಎನ್ನುತ್ತಾರೆ, ಅಷ್ಟೇ. ಯಾಕೆಂದು ಕೇಳಿದರೆ ಸೀಮೆಸುಣ್ಣ ಕೆಳಗಿಡುತ್ತಾರೆ.

ಹೋದ ವರ್ಷ ಇವರ ಅಣ್ಣನ ಮಗಳು ಜ್ಯೂಲಿಗೆ ಆ ಇತಿಹಾಸದ ಪೇಪರೊಂದೇ ಉಳಿದಿತ್ತು. ಪಾಸಾಗಿದ್ದರೆ ಅವರ ಕೇರಿಗೇ ಮೊದಲ ಪದವೀಧರೆ. ಹೆಮ್ಮೆಯಿಂದ ಅವಳ ಕಾಕಾ, ಅಂದರೆ ಇವರೇ, ಫಾರ್ಮ್ ತುಂಬಿದರು. ಅಷ್ಟರಲ್ಲಿ ಸಿಲಬಸ್ ಬದಲಾಗಿ 21 ಹೋಗಿ 24 ಬಂದಿತ್ತು. ಹಳೆಯ ವಿದ್ಯಾರ್ಥಿಗಳಿಗೆ ಮಾತ್ರ ಹಳೆಯ ನಂಬರೇ. ಹೊಸದನ್ನು ಹಲಗೆಯ ಮೇಲೆ ಬರೆದು ಬರೆದು ರೂಢಿಯಾದ ಕೈ 243042 ಎಂದು ಬರೆದುಬಿಟ್ಟಿತು. ಪರೀಕ್ಷೆಯಲ್ಲಿ ಜ್ಯೂಲಿಯ ಕೈಗೆ ಬಂದದ್ದು ಅವಳು ಓದದೇ ಇದ್ದ ಪಾಠಗಳ ಪ್ರಶ್ನೆಪತ್ರಿಕೆ.

"ಮೂರು ತಾಸು ಸುಮ್ನ ಕುಂತು ಬಂದ್ಲು. ನನ್ನ ಬೈದಿದ್ರ ಮನಸ್ಸು ಹಗರ ಆಕ್ಕಿತ್ರೀ. 'ಇರ್ಲಿ ಬಿಡ್ರಿ ಕಾಕಾ' ಅಂದು ಗೋವಾಕ್ಕ ಮನಿಗೆಲಸಕ್ಕ ಹೋದ್ಲು. ಮಾಡಿದ್ದುಣ್ಣೋ ಮಾರಾಯಾ ಅಂತಾರ. ಇಲ್ಲಿ ಮಾಡಿದಾಂವ ನಾ, ಉಂಡಾಕಿ ಆಕಿ."

ಹಳೆಯ ಸಿಲಬಸ್ಸಿಗೆ ಇದೇ ಕಡೆಯ ಪರೀಕ್ಷೆ. ಈ ಸಲ ತಪ್ಪಿದರೆ ಜ್ಯೂಲಿಯ ಡಿಗ್ರಿ ಹೋದ ಹಾಗೆಯೇ. ವಾರದಿಂದ ಕಾಯತಾನ ಅವಳಿಗೆ ಫೋನ್ ಮಾಡುತ್ತಿದ್ದಾರೆ. "ನೋಡ್ತೇನಿ ಕಾಕಾ" ಎಂಬುದಷ್ಟೇ ಉತ್ತರ.

ಬಸ್ಸು ಬರುತ್ತದೆ. ಹುಡುಗಿಯರು ಗುಂಪಾಗಿ ಗೇಟಿನೊಳಗೆ ನುಗ್ಗುತ್ತಾರೆ. ಕಾಯತಾನ ಒಬ್ಬೊಬ್ಬರ ಮುಖ ನೋಡಿ, ಜ್ಯೂಲಿ ಕಾಣದೆ, ಕೊನೆಗೆ ಜೇಬಿನಿಂದ ಮಡಚಿದ ಫಾರ್ಮ್ ತೆಗೆದು ನನಗೆ ತೋರಿಸುತ್ತಾರೆ. ಜ್ಯೂಲಿಯ ಹೆಸರು, ಊರು, ತಂದೆಯ ಹೆಸರು ಎಲ್ಲ ತುಂಬಿದೆ. ನಂಬರಿನ ಆರು ಚೌಕ ಖಾಲಿ.

"ಸಂಜಿ ಐದರ ತನಕ ಆಫೀಸ್ ತೆರದಿರ್ತೈತ್ರಿ. ಬಂದು ಆಕೀನ ಬರೀಲಿ. ನಾ ಬಾಜೂಕ ಪೆನ್ನಿನ ಟೊಪ್ಪಿಗಿ ಹಿಡಕೊಂಡು ನಿಂತಿರ್ತೇನಿ."